ಮಾನಸಿಕ ಅಸ್ವಾಸ್ಥ್ಯ ಮತ್ತು ಆತ್ಮಹತ್ಯೆಯ ಕಳಂಕ: ಕಲಬುರಗಿ ಸೀಮೆಯ ಚರಿತ್ರೆ

ಮನಸ್ಸಿನ ಕಾಯಿಲೆ ಬಂದವರನ್ನು, ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು, ಹಾಗೆ ತೀರಿಕೊಂಡವರ ಮನೆಮಂದಿಯನ್ನು ಸಮಾಜ ಕೀಳಾಗಿ ಕಂಡು ದೂರವಿಡುವ, ಅವರ ಮಾತಿಗೆ ಬೆಲೆ ಕೊಡದಿರುವ ರೂಢಿಯನ್ನು ಸಮಾಜವಿಜ್ಞಾನಗಳಲ್ಲಿ ಕಳಂಕ ಎಂದು ಕರೆಯುತ್ತಾರೆ. ಭೀಮಾ ನದಿಯ ಆಸುಪಾಸಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ, ಅಂದರೆ ತೊಗರಿ–ಜೋಳದ ಹಳ್ಳಿಗಳ ಸೀಮೆಯಲ್ಲಿ, ಈ ಕಳಂಕ ಎಲ್ಲ ಸಂಕಟಗಳಿಗೂ ಒಂದೇ ಬಗೆಯಾಗಿ ಅಂಟಿಲ್ಲ. ಸಂಕಟದ ಹೊಣೆಯನ್ನು ದೆವ್ವದ ಮೇಲೆ ಹೊರಿಸಿದಾಗ ಒಂದು ತೆರ, ನೆರೆಯವರ ಮಾಟದ ಮೇಲೆ ಹೊರಿಸಿದಾಗ ಇನ್ನೊಂದು ತೆರ, ವ್ಯಕ್ತಿಯ ತಲೆಯ ಮೇಲೆಯೇ ಹೊರಿಸಿದಾಗ ಮತ್ತೊಂದು ತೆರ ಎಂಬಂತೆ ಅದು ಬದಲಾಗುತ್ತ ಬಂದಿದೆ. ‘ಗಾಳಿ ಬಡದದ’ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುವ ಮನೆಯವರೇ ‘ತಲಿ ಕೆಟ್ಟದ’ ಎಂಬ ಮಾತನ್ನು ಬಾಗಿಲು ಹಾಕಿಕೊಂಡು ಆಡುತ್ತಾರೆ.

ಕನ್ನಡ ನಾಡಿನ ಮಧ್ಯಯುಗದ ಶಾಸನಗಳಲ್ಲಿ ತಾನಾಗಿ ಬರಮಾಡಿಕೊಂಡ ಕೆಲವು ಬಗೆಯ ಮರಣಗಳಿಗೆ ಕಳಂಕದ ಬದಲು ಗೌರವ ಸಲ್ಲುತ್ತಿತ್ತು. ಜೈನರ ಸಲ್ಲೇಖನ, ಅಂದರೆ ಗುರುವಿನ ಅನುಮತಿಯಿಂದ ಆಹಾರವನ್ನು ಹಂತಹಂತವಾಗಿ ತೊರೆಯುವ ವ್ರತ, ನಿಷಿಧಿಗಲ್ಲುಗಳೆಂಬ ಸ್ಮಾರಕಶಿಲೆಗಳಲ್ಲಿ ದಾಖಲಾಗಿದ್ದು, ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಿಂದ, ಎಂದರೆ ಮಾನ್ಯಖೇಟದಿಂದ, ಆಳಿದ ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಈ ವ್ರತದಿಂದ ದೇಹ ಬಿಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ. ಇಂಥ ಮರಣವನ್ನು ಆತ್ಮಹತ್ಯೆಯ ಜೊತೆ ಸೇರಿಸಬಾರದೆಂಬುದು ಜೈನರ ಹಳೆಯ ವಾದ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಎರಡನ್ನೂ ಒಂದೇ ಎಂದು ತೀರ್ಪಿತ್ತಾಗ ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಆದರೆ ಕಲ್ಲಿನಲ್ಲಿ ಉಳಿದದ್ದು ಅರಸರ, ವೀರರ, ವ್ರತಿಗಳ ಸಾವು ಮಾತ್ರ. ಬೇಸತ್ತು ಸತ್ತ ಸಾಮಾನ್ಯರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲವಾದ್ದರಿಂದ, ಆ ಕಾಲ ಆತ್ಮಹತ್ಯೆಯನ್ನು ಹೊಗಳುತ್ತಿತ್ತು ಎಂದು ಈ ಶಾಸನಗಳಿಂದ ತೀರ್ಮಾನಿಸುವುದು ಆತುರದ ಮಾತಾದೀತು.

ಸಾಮಾನ್ಯರ ಸಂಕಟದ ನೆನಪು ಹೆಚ್ಚು ಸಿಗುವುದು ದತ್ತ ಸಂಪ್ರದಾಯದಲ್ಲಿ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ, ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿ, ನೃಸಿಂಹ ಸರಸ್ವತಿಗಳು 15ನೆಯ ಶತಮಾನದಲ್ಲಿ ನೆಲೆಸಿದ್ದರು; ಅವರ ಚರಿತ್ರೆಯನ್ನು ಹೇಳುವ ಮರಾಠಿ ‘ಗುರುಚರಿತ್ರೆ’ಯನ್ನು ರಚಿಸಿದ ಸರಸ್ವತೀ ಗಂಗಾಧರನು ಗುರುವಿನ ಶಿಷ್ಯ ಸಾಯಂದೇವನ ವಂಶದವನು, ಸಾಯಂದೇವನ ಊರು ಆಳಂದ ತಾಲ್ಲೂಕಿನ ಕಡಗಂಚಿ ಎಂದು ಪರಂಪರೆ ನಂಬುತ್ತದೆ. ಈ ಗ್ರಂಥದಲ್ಲಿ ಹೊಟ್ಟೆಶೂಲೆ ತಾಳಲಾರದೆ ಪ್ರಾಣ ಬಿಡಲು ಹೊರಟ ಬ್ರಾಹ್ಮಣನೊಬ್ಬನ ಪ್ರಸಂಗವಿದೆ. ಗುರು ಅವನನ್ನು ಕರೆಸಿ, ಆತ್ಮಹತ್ಯೆ ಮಹಾಪಾಪವೆಂದು ತಿಳಿಹೇಳುವುದರ ಜೊತೆಗೆ ಸಾಯಂದೇವನ ಮನೆಯ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸುತ್ತಾರೆ. ಅನ್ನವೇ ಆಗದಿದ್ದವನಿಗೆ ಅಲ್ಲಿಂದ ನೋವು ಹೋಗುತ್ತದೆ. ಪಾಪದ ಮಾತು ಪುರಾಣಗಳಲ್ಲೆಲ್ಲ ಇದೆ. ಪಂಕ್ತಿಯಿಂದ ಹೊರಗಾಗಬೇಕಿದ್ದವನನ್ನು ಪಂಕ್ತಿಗೇ ಕರೆದದ್ದು ಈ ಕಥೆಯ ವಿಶೇಷ. ಪಾರಾಯಣ ಕೇಳುವ ಮನೆಗಳಲ್ಲಿ ಈ ಎರಡನೆಯ ಭಾಗಕ್ಕೆ ಮೊದಲನೆಯದರಷ್ಟು ಒತ್ತು ಬೀಳುವುದಿಲ್ಲ.

ಗಾಣಗಾಪುರ ದೂರದೂರಕ್ಕೆ ಹೆಸರಾದದ್ದು ದೆವ್ವ ಬಿಡಿಸುವ ಕ್ಷೇತ್ರವೆಂದು. ಅಶ್ವತ್ಥ ಮರದಲ್ಲಿದ್ದ ಬ್ರಹ್ಮರಾಕ್ಷಸನಿಗೆ ಗುರು ಮುಕ್ತಿ ಕೊಟ್ಟರೆಂಬ ಕಥೆಯೇ ಈ ಹೆಸರಿಗೆ ಆಧಾರ. ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ನಿರ್ಗುಣ ಪಾದುಕೆಯ ಗುಡಿಯಲ್ಲಿ ಜಾಗಟೆ ಜೋರಾಗುತ್ತಿದ್ದಂತೆ ಬಾಧೆಗೊಳಗಾದವರು ಕಿರುಚುತ್ತ, ಮೈ ಕುಣಿಸುತ್ತ, ಕಂಬ–ಕಟಾಂಜನಗಳನ್ನು ಹತ್ತುವ ದೃಶ್ಯ ಯಾತ್ರಿಕರಿಗೆಲ್ಲ ಗೊತ್ತಿರುವಂಥದ್ದು. ಆರತಿ ಮುಗಿದ ಮೇಲೆ ಅವರೇ ಇಳಿದು ಬಂದು ಮನೆಯವರ ಪಕ್ಕ ಕುಳಿತು ತೀರ್ಥ ತೆಗೆದುಕೊಳ್ಳುತ್ತಾರೆ. ಸುತ್ತ ನಿಂತವರು ಭಯಪಡುತ್ತಾರೆಯೇ ಹೊರತು ಹೀಯಾಳಿಸುವುದಿಲ್ಲ, ಏಕೆಂದರೆ ಕೂಗುತ್ತಿರುವುದು ಆ ಹೆಂಗಸಲ್ಲ, ಅವಳ ಮೈಮೇಲಿರುವುದು ಎಂಬ ಒಪ್ಪಂದ ಅಲ್ಲಿದೆ. ಮನೋವೈದ್ಯರು ಇಂಥ ಸ್ಥಿತಿಗಳಲ್ಲಿ ಕೆಲವನ್ನು ಆವಾಹನೆಯ ತಾತ್ಕಾಲಿಕ ಸ್ಥಿತಿಯೆಂದೂ ಕೆಲವನ್ನು ತೀವ್ರ ಮನೋರೋಗದ ಲಕ್ಷಣವೆಂದೂ ಬೇರ್ಪಡಿಸುತ್ತಾರೆ. ಮೊದಲನೆಯ ಬಗೆಯವರಿಗೆ ಕ್ಷೇತ್ರ ಒಂದು ಆಸರೆಯಾಗಬಲ್ಲದು. ಎರಡನೆಯ ಬಗೆಯವರಿಗೆ ಅಲ್ಲಿ ಕಳೆದುಹೋದ ತಿಂಗಳುಗಳು ಔಷಧಿ ತಡವಾದ ತಿಂಗಳುಗಳೇ. ಸೀಮೆಯ ದರ್ಗಾಗಳಿಗೆ ತಾಯಿತ ಕಟ್ಟಿಸಲು ಹಿಂದೂ ಮುಸ್ಲಿಮರಿಬ್ಬರೂ ಹೋಗುವುದರ ಹಿಂದೆಯೂ ಇದೇ ನಂಬಿಕೆಯಿದೆ.

ಹೊಣೆಯನ್ನು ದೆವ್ವದಿಂದ ನೆರೆಯವರಿಗೆ ವರ್ಗಾಯಿಸಿದಾಗ ಆಗುವುದು ಭಾನಾಮತಿ. ಕಲಬುರಗಿ, ಬೀದರ ಮತ್ತು ತೆಲಂಗಾಣದ ಗಡಿಯಲ್ಲಿ ಪ್ರಚಲಿತವಾದ ಈ ಮಾಟದ ನಂಬಿಕೆಯಲ್ಲಿ ಮನೆಯ ಮೇಲೆ ಕಲ್ಲು ಬೀಳುವುದು, ಇದ್ದಕ್ಕಿದ್ದಂತೆ ಬಟ್ಟೆ ಹೊತ್ತಿಕೊಳ್ಳುವುದು, ಹೆಂಗಸರು ನಾಯಿಯಂತೆ ಬೊಗಳುವುದು ಮುಖ್ಯ ಲಕ್ಷಣಗಳು. ‘ಯಾರೋ ಮಾಡಿಸ್ಯಾರ’ ಎಂಬ ಮಾತು ಒಮ್ಮೆ ಹೊರಟರೆ ಬೊಗಳುವವಳಿಗೆ ಸಹಾನುಭೂತಿ ಸಿಗುತ್ತದೆ, ಮಾಡಿಸಿದವರೆಂದು ಹೆಸರಾದವರಿಗೆ ಹೊಡೆತ ಬೀಳುತ್ತದೆ. ಅಂದರೆ ಕಳಂಕ ಇಲ್ಲವಾಗುವುದಿಲ್ಲ, ಮನೆ ಬದಲಾಯಿಸುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದ ಮೇಲೆ ಇಂಥ ಸಂಗತಿಗಳು ಪತ್ರಿಕೆಗಳಲ್ಲಿ ಚರ್ಚೆಗೆ ಬಂದವು. ನಿಮ್ಹಾನ್ಸಿನ ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಅವರು ಮೈಮೇಲೆ ಬರುವುದು, ದೆವ್ವ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಮುಂತಾದವನ್ನು ಕುರಿತು ಸರಳ ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದರು. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ತಡೆ ಕಾಯ್ದೆಯು ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ–ಸರಪಳಿಯಿಂದ ಕಟ್ಟುವುದನ್ನೂ ಹೊಡೆಯುವುದನ್ನೂ ಅಪರಾಧವಾಗಿಸಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತಲಿನ ಆಶ್ರಮವೊಂದಕ್ಕೆ ಬೆಂಕಿ ಬಿದ್ದು ಸರಪಳಿಯಲ್ಲಿದ್ದ 28 ಮಂದಿ ತಪ್ಪಿಸಿಕೊಳ್ಳಲಾಗದೆ ಸತ್ತ ಮೇಲೂ ಇಂಥ ಕಾಯ್ದೆಗೆ ಇಷ್ಟು ಕಾಲ ಹಿಡಿಯಿತು.

ಆಸ್ಪತ್ರೆಯ ಚರಿತ್ರೆ ಈ ಸೀಮೆಯ ಮಟ್ಟಿಗೆ ದೂರದ ಚರಿತ್ರೆ. ಧಾರವಾಡದಲ್ಲಿ 1845ರಲ್ಲಿ, ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚಾಸ್ಪತ್ರೆಗಳು ಆರಂಭವಾದವು. ಕಲಬುರಗಿ ನಿಜಾಮನ ರಾಜ್ಯಕ್ಕೆ ಸೇರಿದ್ದರಿಂದ ಇಲ್ಲಿಯವರ ಪಾಲಿನ ಸರ್ಕಾರಿ ಆಸ್ಪತ್ರೆ ಜಾಲ್ನಾದಲ್ಲಿತ್ತು, ಅದು 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರಗೊಂಡಿತು. 1912ರ ಭಾರತೀಯ ಹುಚ್ಚರ ಕಾಯ್ದೆಯ ಚೌಕಟ್ಟಿನಲ್ಲಿ ರೋಗಿಯನ್ನು ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿದ್ದರಿಂದ ಆಸ್ಪತ್ರೆಗೂ ಜೈಲಿಗೂ ಜನರ ಕಣ್ಣಿನಲ್ಲಿ ಹೆಚ್ಚು ಅಂತರ ಉಳಿಯಲಿಲ್ಲ, ಒಮ್ಮೆ ಅಲ್ಲಿಗೆ ಹೋಗಿಬಂದವರು ಗುಣವಾದರೂ ಹೋಗಿಬಂದವರಾಗಿಯೇ ಉಳಿಯುತ್ತಿದ್ದರು. ಕನ್ನಡದಲ್ಲಿ ಈ ಸ್ಥಿತಿಯನ್ನು ಎಲ್ಲರಿಗೂ ಮುಟ್ಟುವಂತೆ ಹೇಳಿದವರು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದ ಕಾದಂಬರಿಕಾರ್ತಿ ತ್ರಿವೇಣಿ. ಅವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಸಿನಿಮಾ ಮಾಡಿದಾಗ, ಬಾಣಂತಿಯ ಮನೋರೋಗದಿಂದ ಚೇತರಿಸಿಕೊಂಡು ಮನೆಗೆ ಮರಳಿದ ಕಾವೇರಿಯನ್ನು ಗಂಡನೂ ನೆಂಟರೂ ನೋಡುವ ನೋಟವೇ ಅವಳ ಎರಡನೆಯ ಕುಸಿತಕ್ಕೆ ಕಾರಣವಾಗುವುದನ್ನು ಹಳ್ಳಿಯ ಟೆಂಟುಗಳವರೆಗೆ ಜನ ಕಂಡರು. ರೋಗಕ್ಕಿಂತ ರೋಗದ ಹೆಸರು ಹೆಚ್ಚು ಕೆಡುಕು ಮಾಡಬಲ್ಲದೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಇನ್ನೊಂದು ಜನಪ್ರಿಯ ಕನ್ನಡ ಕೃತಿಯನ್ನು ಹೆಸರಿಸುವುದು ಕಷ್ಟ.

ಕಾವೇರಿಯ ಕಥೆಯ ಹಿಂದೆ ಕಾನೂನಿನ ನೆರಳೂ ಇತ್ತು. 1955ರ ಹಿಂದೂ ವಿವಾಹ ಕಾಯ್ದೆ ಮದುವೆಯ ಹೊತ್ತಿಗೆ ಬುದ್ಧಿಮಾಂದ್ಯರೋ ಬುದ್ಧಿಭ್ರಮಣೆಯವರೋ ಆಗಿದ್ದವರನ್ನು ಮದುವೆಗೆ ಅನರ್ಹರೆಂದಿತು. 1976ರ ತಿದ್ದುಪಡಿ ಮತ್ತೆಮತ್ತೆ ಬರುವ ಬುದ್ಧಿಭ್ರಮಣೆಯನ್ನೂ ಫಿಟ್ಸ್ ಎಂದು ಜನ ಕರೆಯುವ ಮೂರ್ಛೆರೋಗವನ್ನೂ ಆ ಸಾಲಿಗೆ ಸೇರಿಸಿತು; ಮೂರ್ಛೆರೋಗವನ್ನು 1999ರಲ್ಲಷ್ಟೇ ಕೈಬಿಡಲಾಯಿತು. ಹೆಣ್ಣು ಕೊಡುವ–ತರುವ ಮಾತುಕತೆಯಲ್ಲಿ ‘ಅವರ ಮನ್ಯಾಗ ಒಬ್ಬರಿಗೆ ಹಂಗ ಆಗಿತ್ತಂತ’ ಎಂಬ ಒಂದು ಮಾತಿಗೆ ಸಂಬಂಧಗಳೇ ಮುರಿಯುವುದರಿಂದ, ಆಳಂದದ ಕಡೆಯವರು ಹತ್ತಿರದ ಊರಿನ ವೈದ್ಯರನ್ನು ಬಿಟ್ಟು ಗುರುತಿನವರು ಎದುರಾಗದ ಸೊಲ್ಲಾಪುರಕ್ಕೆ ಬಸ್ಸು ಹತ್ತುವುದರಲ್ಲಿ ಆಶ್ಚರ್ಯವಿಲ್ಲ.

ಈ ದೂರವನ್ನು ಕಡಿಮೆ ಮಾಡುವ ಪ್ರಯತ್ನ 1970ರ ದಶಕದಲ್ಲಿ ಆರಂಭವಾಯಿತು. ಕರಾವಳಿಯ ಕೋಟದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನವು ಹಳ್ಳಿಗರು ವೈದ್ಯ, ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ಡಾಕ್ಟರ್ ಎಲ್ಲರ ಬಳಿಗೂ ಹೋಗುತ್ತಾರೆಂದು ತೋರಿಸಿತು. 1980ರ ದಶಕದ ಮಧ್ಯಭಾಗದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ಆರಂಭವಾದ ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬರುವ ವ್ಯವಸ್ಥೆಯಾಯಿತು. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ಕಂಡುಕೊಂಡಿತು.

ಆತ್ಮಹತ್ಯೆಯ ವಿಷಯದಲ್ಲಿ ಕಳಂಕಕ್ಕೆ ಮುದ್ರೆ ಒತ್ತಿದ್ದು 1860ರ ದಂಡ ಸಂಹಿತೆಯ 309ನೆಯ ಕಲಮು. ಯತ್ನಿಸಿ ಬದುಕಿದವರಿಗೆ ಒಂದು ವರ್ಷದವರೆಗೆ ಸಜೆ ವಿಧಿಸಬಹುದಾಗಿದ್ದ ಈ ಕಲಮನ್ನು ಸುಪ್ರೀಂ ಕೋರ್ಟು 1994ರಲ್ಲಿ ಅಸಂವಿಧಾನಿಕವೆಂದು ಹೇಳಿ, 1996ರಲ್ಲಿ ಗ್ಯಾನ್ ಕೌರ್ ಪ್ರಕರಣದಲ್ಲಿ ಮತ್ತೆ ಎತ್ತಿಹಿಡಿಯಿತು. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗರ ದಯಾಮರಣ ಪ್ರಕರಣದ 2011ರ ತೀರ್ಪಿನಲ್ಲಿ ಅದನ್ನು ತೆಗೆದುಹಾಕುವಂತೆ ಸಂಸತ್ತಿಗೆ ಸಲಹೆ ಬಂತು. ಠಾಣೆ, ವಕೀಲ, ಹಾಜರಾತಿಗಳ ಭಯವಿದ್ದುದರಿಂದ ಮನೆಯವರು ನಡೆದದ್ದನ್ನು ಆಕಸ್ಮಿಕವೆಂದು ಬರೆಸುವುದು, ಇಲ್ಲವೇ ದೂರಿನಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎಂದು ಸೇರಿಸುವುದು ರೂಢಿಯಾಯಿತು. ದೇಹದ ನೋವಿಗೆ ಮರ್ಯಾದೆಯಿದೆ, ಮನಸ್ಸಿನ ನೋವಿಗೆ ಇಲ್ಲ ಎಂಬ ಲೆಕ್ಕಾಚಾರ ಗುರುಚರಿತ್ರೆಯ ಶೂಲೆಯಿಂದ ಠಾಣೆಯ ಕಾಗದದವರೆಗೆ ಹೆಚ್ಚು ಬದಲಾಗಿಲ್ಲ.

ತೊಗರಿ ಈ ಮೌನವನ್ನು ಮುರಿಯಿತು. 1997–98ರಲ್ಲಿ ಅಕಾಲಿಕ ಮಳೆ, ಕಾಯಿಕೊರಕ ಹುಳು, ಸಾಲ ಒಟ್ಟಾಗಿ ಬೀದರ ಮತ್ತು ಕಲಬುರಗಿಯ ತೊಗರಿ ಬೆಳೆಗಾರರನ್ನು ಹಿಂಡಿದಾಗ ರೈತರ ಆತ್ಮಹತ್ಯೆಗಳು ಮೊದಲ ಬಾರಿಗೆ ರಾಜ್ಯದ ರಾಜಕೀಯ ಪ್ರಶ್ನೆಯಾದವು. ಸಾಮಾಜಿಕ ಮಾನವಶಾಸ್ತ್ರಜ್ಞೆ ಎ. ಆರ್. ವಾಸವಿ 1999ರಲ್ಲಿ ಬೀದರಿನ ಪ್ರಕರಣಗಳನ್ನು ಮಾರುಕಟ್ಟೆ ಮತ್ತು ಸರ್ಕಾರದ ನಡೆಯೊಂದಿಗೆ ಜೋಡಿಸಿ ವಿಶ್ಲೇಷಿಸಿದರು. 2002ರಲ್ಲಿ ಜಿ. ಕೆ. ವೀರೇಶ್ ಅಧ್ಯಕ್ಷತೆಯ ಸಮಿತಿ ಕುಡಿತ, ಕೌಟುಂಬಿಕ ಸಮಸ್ಯೆ ಮುಂತಾದವಕ್ಕೆ ಒತ್ತು ಕೊಟ್ಟಾಗ ರೈತ ಸಂಘಟನೆಗಳು ಸಿಟ್ಟಾದವು. ಈ ಜಗಳದಲ್ಲಿ ಒಂದು ವಿಪರ್ಯಾಸವಿತ್ತು: ಸಾಲವೆಂದರೆ ಸರ್ಕಾರ ಉತ್ತರಿಸಬೇಕು, ಮನಸ್ಸೆಂದರೆ ಮೃತನ ಮನೆಯವರು ಉತ್ತರಿಸಬೇಕು ಎಂಬಂತಾದುದರಿಂದ, ಖಿನ್ನತೆಯ ಮಾತೆತ್ತುವುದೇ ರೈತನಿಗೆ ಮಾಡಿದ ಅವಮಾನವೆನಿಸಿತು. ಸಾಲ ಮನಸ್ಸನ್ನು ಕೆಡಿಸುತ್ತದೆ, ಕೆಟ್ಟ ಮನಸ್ಸಿಗೆ ಸಾಲ ಬೆಟ್ಟವಾಗಿ ಕಾಣುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಗೆ ಎರಡೂ ಕಡೆ ಜಾಗ ಸಿಗಲಿಲ್ಲ.

ಮೃತ ರೈತರ ಕುಟುಂಬಕ್ಕೆ ಸರ್ಕಾರ ಕೊಡುವ ಪರಿಹಾರದ ವ್ಯವಸ್ಥೆ ಈ ಒಡಕನ್ನು ಇನ್ನಷ್ಟು ಬಿಗಿಯಾಗಿಸಿತು. 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿದ ಈ ಮೊತ್ತಕ್ಕಾಗಿ ಕುಟುಂಬದವರು ಪಹಣಿ, ಸಾಲದ ಪತ್ರ, ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ ಹಿಡಿದು ಉಪವಿಭಾಗಾಧಿಕಾರಿಯ ಸಮಿತಿಯ ಮುಂದೆ ಹೋಗಬೇಕು. ಪಹಣಿ ಮಾವನ ಹೆಸರಿನಲ್ಲಿದ್ದರೆ, ಸಾಲ ಊರ ಲೇವಾದೇವಿಯವನ ಬಳಿ ಬಾಯಿಮಾತಿನದಾಗಿದ್ದರೆ ಅರ್ಜಿ ಬಿದ್ದುಹೋಗಬಹುದು. ಹೊಲದಲ್ಲಿ ದುಡಿದರೂ ಹೊಲ ತನ್ನ ಹೆಸರಿನಲ್ಲಿಲ್ಲದ ಹೆಂಗಸಿನ ಸಾವು ಅನೇಕ ವೇಳೆ ರೈತನ ಸಾವೆಂದು ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ‘ಅರ್ಹ’ ಮತ್ತು ‘ಅನರ್ಹ’ ಎಂಬ ಎರಡು ಕಚೇರಿ ಪದಗಳು ಸಾವುಗಳಲ್ಲಿಯೂ ಮೇಲು–ಕೀಳು ಮಾಡಿದವು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂದು, ಅದರ 115ನೆಯ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆಯ ಬದಲು ಆರೈಕೆ ಕೊಡಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ಕ್ಕೆ ಸಮನಾದ ಕಲಮಿಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲೆಂದು ಯತ್ನಿಸುವುದನ್ನು ಮಾತ್ರ 226ನೆಯ ಕಲಮು ಅಪರಾಧವಾಗಿ ಉಳಿಸಿಕೊಂಡಿದೆ. ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರಿನಲ್ಲಿ ಆತ್ಮಹತ್ಯೆಯ ವರದಿಗಳಿಗೆ ನಿಯಮ ರೂಪಿಸಿ, ವಿಧಾನವನ್ನು ವರ್ಣಿಸಬಾರದು, ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬಾರದು ಎಂದು ಸೂಚಿಸಿತು. ಸಾವಿಗೆ ಒಂದೇ ಕಾರಣವನ್ನು ಅಂಟಿಸುವ ‘ಸಾಲಬಾಧೆ: ರೈತ ಆತ್ಮಹತ್ಯೆ’ಯಂಥ ಶೀರ್ಷಿಕೆಗಳು ಕನ್ನಡ ಪತ್ರಿಕೆಗಳಲ್ಲಿ ಇನ್ನೂ ನಿಂತಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ–ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದಾಗಿದ್ದು, ಮನೋವೈದ್ಯರ ಬಾಗಿಲಲ್ಲಿ ಯಾರಾದರೂ ನೋಡಿಯಾರೆಂದು ಅಂಜುವವರಿಗೆ ಸೊಲ್ಲಾಪುರದ ಬಸ್ಸಿನ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.