ದೇವರ ಹಂಬಲ: ಮೈಸೂರಿನ ಕ್ರೈಸ್ತ ಭಕ್ತಿಯಲ್ಲಿ

ಮನುಷ್ಯ ದೇವರನ್ನು ಅರಸಿ ಹೊರಡುವ ಮೊದಲೇ ದೇವರು ಮನುಷ್ಯನನ್ನು ಅರಸಿ ಹೊರಟಿರುತ್ತಾನೆ, ಅವನ ಮರುಪ್ರೀತಿಗೆ ಹಂಬಲಿಸುತ್ತಾನೆ ಎಂಬುದು ಕ್ರೈಸ್ತ ಧರ್ಮದ ಮೂಲ ನಂಬಿಕೆಗಳಲ್ಲಿ ಒಂದು. ದೇವತಾಶಾಸ್ತ್ರದ ಗ್ರಂಥಗಳು ಇದನ್ನು ಕೃಪೆಯ ಅಧ್ಯಾಯದಲ್ಲಿ ಚರ್ಚಿಸುತ್ತವೆ. ಮೈಸೂರಿನಲ್ಲಿ ಇದನ್ನು ಕಾಣಬೇಕಾದರೆ ಕಥೋಲಿಕರ ಮನೆಯ ನಡುಮನೆ, ಅಶೋಕ ರಸ್ತೆಯ ಚರ್ಚು, ವೆಸ್ಲಿಯನ್ ಮಿಷನ್ನಿನ ಕಟ್ಟಡಗಳು, ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ಆಶ್ರಮ ಇವನ್ನೆಲ್ಲ ಸುತ್ತಬೇಕು.

ಬೈಬಲಿನಲ್ಲಿ ಈ ಹಂಬಲಕ್ಕೆ ಸಂಸಾರದ ರೂಪಗಳೇ ಹೆಚ್ಚು. ಹೋಶೇಯನ ಗ್ರಂಥದಲ್ಲಿ ದೇವರು, ತನ್ನನ್ನು ಬಿಟ್ಟುಹೋದ ಹೆಂಡತಿಯನ್ನು ಮತ್ತೆ ಒಲಿಸಿಕೊಳ್ಳಲು ಹೊರಟ ಗಂಡ. ಅದೇ ಗ್ರಂಥದ 11ನೆಯ ಅಧ್ಯಾಯದ ಹೊತ್ತಿಗೆ ಮಗುವಿನ ಕೈಹಿಡಿದು ನಡೆಯಲು ಕಲಿಸಿದ ತಂದೆ. ಯೆಶಾಯನಲ್ಲಿ ಹೆತ್ತ ತಾಯಿ ಮರೆತರೂ ತಾನು ಮರೆಯದವನು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಮೂರು ಕಥೆಗಳನ್ನು ಹೇಳುತ್ತಾನೆ. ನೂರರಲ್ಲಿ ಒಂದು ಕುರಿ, ಹತ್ತರಲ್ಲಿ ಒಂದು ನಾಣ್ಯ, ಇಬ್ಬರಲ್ಲಿ ಒಬ್ಬ ಮಗ ಕಳೆದುಹೋಗುತ್ತಾರೆ. ಮೂರನೆಯ ಕಥೆಯ ತಂದೆ ದೂರದಲ್ಲೇ ಮಗನನ್ನು ಗುರುತಿಸಿ ಓಡುತ್ತಾನೆ. ಊರಿನ ಯಜಮಾನ ಬೀದಿಯಲ್ಲಿ ಓಡುವುದು ಅಂದಿನ ಯೆಹೂದ್ಯ ಹಳ್ಳಿಯಲ್ಲೂ ಘನತೆಗೆ ಒಪ್ಪುವ ಮಾತಾಗಿರಲಿಲ್ಲ, ನಮ್ಮ ಹಳ್ಳಿಗಳಲ್ಲೂ ಅಲ್ಲ. ಮನೆಯಲ್ಲೇ ಇದ್ದ ಹಿರಿಮಗ ಮುನಿಸಿಕೊಂಡು ಹೊರಗೆ ನಿಂತಾಗ ತಂದೆ ಅವನನ್ನೂ ಕರೆಯಲು ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಲೂಕ ಹೇಳುವುದಿಲ್ಲ.

ಏನೂ ಕೊರತೆಯಿಲ್ಲದ ದೇವರಿಗೆ ಹಂಬಲ ಎಲ್ಲಿಂದ ಬಂತು ಎಂಬ ಪ್ರಶ್ನೆ ಹಳೆಯದು. ದೇವರ ಪ್ರೀತಿ ಅಭಾವದಿಂದಲ್ಲ, ತುಂಬಿದ್ದರಿಂದ ಹೊರಚೆಲ್ಲುವಂಥದು ಎಂಬುದು ಸಭೆಯ ಸಾಂಪ್ರದಾಯಿಕ ಉತ್ತರ. ಆದರೆ ಅನುಭಾವಿಗಳು ಇಷ್ಟಕ್ಕೆ ನಿಲ್ಲಲಿಲ್ಲ. 12ನೆಯ ಶತಮಾನದ ಕ್ಲೇರ್ವೋದ ಬರ್ನಾರ್ಡ್ ಬೈಬಲಿನ ಪರಮಗೀತೆಯ ಮದುಮಗ ಮತ್ತು ಮದುಮಗಳನ್ನು ಕ್ರಿಸ್ತ ಮತ್ತು ಆತ್ಮ ಎಂದು ಓದಿ 86 ಪ್ರವಚನ ಬರೆದರು. ಅಷ್ಟರಲ್ಲಿ ಮುಗಿದದ್ದು ಎರಡೇ ಅಧ್ಯಾಯ. ಪೋಪ್ 16ನೆಯ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ದೇವರ ಪ್ರೀತಿಯಲ್ಲಿ ತ್ಯಾಗದ ಜೊತೆಗೆ ಬಯಕೆಯೂ ಇದೆಯೆಂದು ನೇರವಾಗಿಯೇ ಬರೆದರು.

ಮೈಸೂರಿನ ಕಥೋಲಿಕರಲ್ಲಿ ಈ ವಿಚಾರ ಮನೆ ಹೊಕ್ಕದ್ದು ಯೇಸುವಿನ ಪವಿತ್ರ ಹೃದಯದ ಪಟದ ಮೂಲಕ. ಎದೆಯ ಮೇಲೆ ಬಯಲಾದ ಹೃದಯ, ಅದಕ್ಕೆ ಸುತ್ತಿದ ಮುಳ್ಳಿನ ಕಿರೀಟ, ಮೇಲೆ ಉರಿವ ಜ್ವಾಲೆ, ಅದರೊಳಗೊಂದು ಶಿಲುಬೆ. ಪಟದ ಮುಂದೆ ಹಗಲೂ ರಾತ್ರಿ ಉರಿಯುವ ಪುಟ್ಟ ಕೆಂಪು ಬಲ್ಬು. ಫ್ರಾನ್ಸಿನ ಪಾರೇ-ಲ-ಮೋನಿಯಾಲ್ ಮಠದ ಸನ್ಯಾಸಿನಿ ಮಾರ್ಗರೆಟ್ ಮೇರಿ ಅಲಕೋಕ್ ಅವರಿಗೆ 1673ರಿಂದ 1675ರ ನಡುವೆ ಆದ ದರ್ಶನಗಳು ಈ ಭಕ್ತಿಯ ಇಂದಿನ ರೂಪಕ್ಕೆ ಮೂಲ. ಆ ದರ್ಶನಗಳಲ್ಲಿ ಯೇಸು ಆಜ್ಞೆ ಮಾಡುವುದಕ್ಕಿಂತ ಹೆಚ್ಚಾಗಿ ದೂರುತ್ತಾನೆ: ಇಷ್ಟು ಪ್ರೀತಿಸಿದರೂ ಜನ ತಿರುಗಿ ನೋಡುತ್ತಿಲ್ಲ ಎಂದು. 1856ರಲ್ಲಿ ಪೋಪ್ 9ನೆಯ ಪಯಸ್ ಪವಿತ್ರ ಹೃದಯದ ಹಬ್ಬವನ್ನು ಇಡೀ ಕಥೋಲಿಕ ಸಭೆಗೆ ವಿಸ್ತರಿಸಿದರು. ಆ ಹೊತ್ತಿಗೆ ಮೈಸೂರು ಮಿಷನ್ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಫ್ರೆಂಚ್ ಗುರುಗಳ ಕೈಯಲ್ಲಿತ್ತು. ಅವರ ನಾಡಿನ ಭಕ್ತಿ ಇಲ್ಲಿ ಬೇರೂರಿದ್ದು ಆಶ್ಚರ್ಯವಲ್ಲ. ತಿಂಗಳ ಮೊದಲ ಶುಕ್ರವಾರದ ಬಲಿಪೂಜೆ, ಪರಮಪ್ರಸಾದದ ಆರಾಧನೆ, ಜೂನ್ ತಿಂಗಳ ವಿಶೇಷ ಪ್ರಾರ್ಥನೆಗಳು ಇದರ ಅಂಗಗಳು. 2024ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಇದೇ ಹೃದಯಭಕ್ತಿಯ ಮೇಲೆ ಒಂದು ವಿಶ್ವಪತ್ರ ಹೊರಡಿಸಿದರು.

ನಗರದ ಅತಿ ಪ್ರಸಿದ್ಧ ಕ್ರೈಸ್ತ ಕಟ್ಟಡವಾದ, ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನಲ್ಲಿ ಇದೇ ವಿಚಾರಕ್ಕೆ ಸ್ವಲ್ಪ ತೊಡಕಿನ ರೂಪವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಇಲ್ಲೊಂದು ಚಿಕ್ಕ ಚರ್ಚು ಎದ್ದಿತ್ತು. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿ ಟಿ. ಆರ್. ಎ. ತಂಬು ಚೆಟ್ಟಿಯವರು ಪೋಪರ ಪ್ರತಿನಿಧಿಯಿಂದ ಸಂತಳ ಅವಶೇಷವನ್ನು ಪಡೆದು ತಂದರು. ಈಗಿನ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲಿಟ್ಟರು. ಜರ್ಮನಿಯ ಕಲೋನ್ ಕ್ಯಾಥೆಡ್ರಲ್ಲಿನ ಮಾದರಿ, 175 ಅಡಿ ಎತ್ತರದ ಜೋಡಿ ಗೋಪುರ, ಕ್ರಿಸ್ತನ ಜನನದಿಂದ ಸ್ವರ್ಗಾರೋಹಣದವರೆಗಿನ ಬಣ್ಣದ ಗಾಜಿನ ಚಿತ್ರಗಳು. ನೆಲಮಾಳಿಗೆಯಲ್ಲಿ ಒರಗಿದ ಭಂಗಿಯ ಫಿಲೋಮಿನಾ ಪ್ರತಿಮೆ ಇದೆ.

ಐತಿಹ್ಯದ ಪ್ರಕಾರ ಈಕೆ ಗ್ರೀಕ್ ಅರಸು ಮನೆತನದ ಹುಡುಗಿ. ತನ್ನನ್ನು ಕ್ರಿಸ್ತನಿಗೆ ಒಪ್ಪಿಸಿಕೊಂಡಿದ್ದರಿಂದ ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ನನ ಮದುವೆಯ ಮಾತನ್ನು ನಿರಾಕರಿಸಿ ತಲೆ ಕೊಟ್ಟಳು. ಚರಿತ್ರೆಯ ಆಧಾರ ಬಹಳ ತೆಳು. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ ಸಿಕ್ಕ ಮೂಳೆಗಳು ಮತ್ತು ಅಕ್ಷರ ಬರೆದ ಹೆಂಚುಗಳಷ್ಟೇ ಕೈಯಲ್ಲಿರುವುದು. ಕಥೆ ಬಂದದ್ದು ಆಮೇಲೆ, ನೇಪಲ್ಸಿನ ಸನ್ಯಾಸಿನಿಯೊಬ್ಬರ ದರ್ಶನಗಳಿಂದ. 1961ರಲ್ಲಿ ಆಕೆಯ ಹಬ್ಬವನ್ನು ಪೂಜಾಪಂಚಾಂಗಗಳಿಂದ ಕೈಬಿಡುವಂತೆ ರೋಮ್ ಸೂಚಿಸಿತು. ಮೈಸೂರಿನ ಭಕ್ತರು ಆಕೆಯನ್ನು ಕೈಬಿಡಲಿಲ್ಲ. ಚರ್ಚಿಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಮೇಣದ ಬತ್ತಿ ಹಚ್ಚಿ ಬೇಡಿಕೊಳ್ಳುವುದು ಮಗು, ಕೆಲಸ, ಪರೀಕ್ಷೆಯಲ್ಲಿ ಪಾಸು, ಕಾಯಿಲೆಯಿಂದ ಗುಣ ಇವನ್ನೇ. ಪ್ರೀತಿಗೆ ಪ್ರತಿಯಾಗಿ ತನ್ನನ್ನೇ ಕೊಟ್ಟವಳ ಮುಂದೆ ಹರಕೆಯ ಲೆಕ್ಕ ಇಡುವುದು ಶಾಸ್ತ್ರಜ್ಞರಿಗೆ ಇರಿಸುಮುರಿಸು ತರಬಹುದು. ಆದರೆ ಕೇಳಿದರೆ ಕಿವಿಗೊಡುವವರಿದ್ದಾರೆ ಎಂಬ ಭರವಸೆಯಿಲ್ಲದೆ ಹರಕೆಯೂ ಹುಟ್ಟುವುದಿಲ್ಲ.

ಪ್ರೊಟೆಸ್ಟಂಟರ ದಾರಿ ಬೇರೆ. 1830ರ ದಶಕದ ಕೊನೆಗೆ ಮೈಸೂರಿಗೆ ಬಂದ ವೆಸ್ಲಿಯನ್ ಮಿಷನರಿಗಳಲ್ಲಿ ಪಟ, ಪ್ರತಿಮೆಗಳಿಗೆ ಜಾಗವಿರಲಿಲ್ಲ. ಮನುಷ್ಯ ಪಶ್ಚಾತ್ತಾಪಪಡುವುದಕ್ಕೂ ಮುಂಚೆ ದೇವರ ಕೃಪೆ ಅವನಲ್ಲಿ ಕೆಲಸ ಶುರುಮಾಡಿರುತ್ತದೆ, ಅದು ಕೆಲವರಿಗಷ್ಟೇ ಮೀಸಲಲ್ಲ ಎಂಬುದು ಜಾನ್ ವೆಸ್ಲಿಯವರ ಮುಖ್ಯ ಬೋಧನೆ. ಅವರ ತಮ್ಮ ಚಾರ್ಲ್ಸ್ ವೆಸ್ಲಿ ಅದನ್ನು ಸಾವಿರಾರು ಹಾಡುಗಳಿಗೆ ಇಳಿಸಿದರು. ಕನ್ನಡ ಸಭೆಗಳಿಗೂ ಈ ಭಾವ ಪ್ರಸಂಗಕ್ಕಿಂತ ಹೆಚ್ಚಾಗಿ ಸಂಗೀತದಲ್ಲೇ ತಲುಪಿತು ಎನ್ನಬೇಕು. ಹಾಡುಗಳ ಜೊತೆಗೆ ಮಿಷನ್ ತನ್ನ ಮುದ್ರಣಾಲಯವನ್ನೂ 1887ರಲ್ಲಿ ಮಿಷನರಿ ಹೆನ್ರಿ ಹೇಗ್ ಆರಂಭಿಸಿದ 'ವೃತ್ತಾಂತ ಪತ್ರಿಕೆ'ಯನ್ನೂ ನಡೆಸಿತು. 1906ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಊರವರ ಬಾಯಲ್ಲಿ ಇವತ್ತಿಗೂ ಮಿಷನ್ ಆಸ್ಪತ್ರೆ. ಕೃಪೆ ಕೆಲವರಿಗಷ್ಟೇ ಮೀಸಲಲ್ಲ ಎಂಬ ಮಾತಿಗೆ ತಕ್ಕಂತೆ, ಅದರ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಮೈಸೂರಿಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ.

ದೇವರೇ ಮನುಷ್ಯನನ್ನು ಅರಸುತ್ತಾನೆ ಎಂಬ ಈ ನಂಬಿಕೆಯನ್ನು ಭಾರತೀಯ ಭಕ್ತಿ, ಧ್ಯಾನಗಳ ಪಕ್ಕದಲ್ಲಿಟ್ಟು ನೋಡಿದವರು ಫಾದರ್ ಡಿ. ಎಸ್. ಅಮಲೋರ್ಪವದಾಸ್ (1932–1990). ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರದ ಸ್ಥಾಪಕ ನಿರ್ದೇಶಕರಾಗಿದ್ದ ಅವರು ಆಮೇಲೆ ಮೈಸೂರಿಗೆ ಬಂದು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವನ್ನೂ ಚಾಮುಂಡಿ ಬೆಟ್ಟದ ಬಳಿ ಅಂಜಲಿ ಆಶ್ರಮವನ್ನೂ ಕಟ್ಟಿದರು. ನೆಲದ ಮೇಲೆ ಕುಳಿತು ಪೂಜೆ, ಆರತಿ, ಅಂಜಲಿಬದ್ಧ ನಮಸ್ಕಾರ, ದೀರ್ಘ ಮೌನ ಅಲ್ಲಿನ ಕ್ರಮ. ಇಂಥ ಹನ್ನೆರಡು ಭಾರತೀಯ ಆಚರಣೆಗಳಿಗೆ ರೋಮ್ 1969ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಆದರೂ ಹಿಂದೂ ಪದ್ಧತಿ ಚರ್ಚಿನೊಳಗೆ ನುಸುಳುತ್ತಿದೆ ಎಂದು ಕಥೋಲಿಕರಲ್ಲೇ ಕೆಲವರು, ಮೇಲುಜಾತಿಯ ಆಚಾರವನ್ನಷ್ಟೇ ಭಾರತೀಯವೆಂದು ಎತ್ತಿಕೊಳ್ಳಲಾಗಿದೆ ಎಂದು ದಲಿತ ಕ್ರೈಸ್ತ ಚಿಂತಕರು ಆಕ್ಷೇಪ ಎತ್ತಿದರು. ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದರ ಚರ್ಚೆ ಇನ್ನೂ ಮುಗಿದಿಲ್ಲ. ಅಮಲೋರ್ಪವದಾಸ್ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.