ಒಬ್ಬನೇ ನೋಡುಗನ ರಂಗಮಂದಿರ: ನಾಯ್‌ಶ್ವಾನ್‌ಸ್ಟೈನ್ ಅರಮನೆಯ ಮರುಓದು

ಬವೇರಿಯದ ಬೆಟ್ಟವೊಂದರ ನೆತ್ತಿಯಲ್ಲಿ ನಿಂತಿರುವ ನಾಯ್‌ಶ್ವಾನ್‌ಸ್ಟೈನ್ ಅರಮನೆಯ ಬಗ್ಗೆ ಒಂದು ಕೊರಗು ಬಹುಕಾಲದಿಂದ ಬಳಕೆಯಲ್ಲಿದೆ. ದೊರೆ ಎರಡನೆಯ ಲೂಡ್ವಿಗ್ ಏಕಾಂತಕ್ಕೆಂದು ಕಟ್ಟಿಸಿದ ಮನೆ ಪ್ರವಾಸಿಗಳ ಪಾಲಾಯಿತು ಎಂಬುದೇ ಆ ಕೊರಗು. ದೊರೆ ತೀರಿಕೊಂಡದ್ದು 1886ರ ಜೂನ್ 13ರಂದು. ಸರಿಯಾಗಿ ಏಳು ವಾರಕ್ಕೆ, ಆಗಸ್ಟ್ 1ರಂದು, ಅರಮನೆ ಸಾರ್ವಜನಿಕರಿಗೆ ತೆರೆಯಿತು. ಆದರೂ ಕಟ್ಟಡವನ್ನೇ ಸಾಕ್ಷಿಗೆ ಕರೆದರೆ ಬೇರೆಯ ಕಥೆ ಹೊರಡುತ್ತದೆ: ಇದು ಬುನಾದಿಯಿಂದಲೇ ನೋಟಕ್ಕಾಗಿ ಹುಟ್ಟಿದ ಅರಮನೆ, 1886ರಲ್ಲಿ ಬದಲಾದದ್ದು ನೋಡುಗರ ಸಂಖ್ಯೆ.

1866ರ ಯುದ್ಧದಲ್ಲಿ ಪ್ರಷ್ಯಕ್ಕೆ ಸೋತ ಬವೇರಿಯ, ತನ್ನ ಸೇನೆಯನ್ನು ಯುದ್ಧಕಾಲದಲ್ಲಿ ಪ್ರಷ್ಯದ ಕೈಗೊಪ್ಪಿಸುವ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಮೂರು ವರ್ಷಗಳ ನಂತರ, 1869ರ ಸೆಪ್ಟೆಂಬರ್ 5ರಂದು, ಈ ಅರಮನೆಗೆ ಅಡಿಗಲ್ಲು ಬಿತ್ತು. ಕೋಟೆಯ ರೂಪವಿದೆ, ಕಾಯಬೇಕಾದ ಗಡಿಯಿಲ್ಲ. ಅದರ ನೋಟವನ್ನು ಮೊದಲು ಚಿತ್ರಿಸಿದವನು ರಂಗಪರದೆಗಳ ಕಲಾವಿದ ಕ್ರಿಸ್ಟಿಯಾನ್ ಯಾಂಕ್. ವಾಸ್ತುಶಿಲ್ಪಿಗಳು ಆ ಚಿತ್ರವನ್ನು ಇಟ್ಟಿಗೆಯಲ್ಲಿ ಕಟ್ಟಿ ಮೇಲೆ ಸುಣ್ಣಕಲ್ಲಿನ ಹೊದಿಕೆ ಕೊಟ್ಟರು. ಒಳಗೆ, ದೊರೆಯ ಓದುಕೋಣೆಯ ಪಕ್ಕದಲ್ಲೇ, ವಾಗ್ನರನ ‘ಟಾನ್‌ಹಾಯ್ಸರ್’ ಸಂಗೀತನಾಟಕವನ್ನು ನೆನಪಿಸುವ ಕೃತಕ ಗುಹೆಯೊಂದಿದೆ. ಅದಕ್ಕೆ ಬಣ್ಣದ ಬೆಳಕಿನ ಏರ್ಪಾಡೂ ಇತ್ತು. ಸಿಂಹಾಸನದ ಸಭಾಂಗಣದಲ್ಲಿ ಅಮೃತಶಿಲೆಯ ಮೆಟ್ಟಿಲುಗಳು ಏರಿ ಹೋಗುವುದು ಬರಿದಾದ ಒಂದು ವೇದಿಕೆಗೆ. ಸಿಂಹಾಸನ ಅಲ್ಲಿಗೆ ಬರಲೇ ಇಲ್ಲ.

ದೊರೆ ಜನರ ಕಣ್ಣಿಗೆ ಬೀಳಲೊಲ್ಲದವನಾಗಿದ್ದನಲ್ಲ, ಇದನ್ನು ರಂಗಮಂದಿರವೆನ್ನುವುದು ಹೇಗೆ ಎಂಬ ಆಕ್ಷೇಪ ಸಹಜ. ಉತ್ತರ ಅವನ ನಡವಳಿಕೆಯಲ್ಲೇ ಇದೆ. 1872ರಿಂದ 1885ರವರೆಗೆ ಮ್ಯೂನಿಕ್‌ನಲ್ಲಿ ಅವನೊಬ್ಬನಿಗಾಗಿಯೇ ನಾಟಕಗಳು ನಡೆಯುತ್ತಿದ್ದವು. ಅವನು ದೂರವಿಟ್ಟದ್ದು ಜನರನ್ನು. ನೋಟವನ್ನು ಎಂದೂ ಬಿಡಲಿಲ್ಲ. ಬಿಸಿಗಾಳಿಯ ವ್ಯವಸ್ಥೆ, ವಿದ್ಯುತ್ ಕರೆಗಂಟೆ, ಊಟ ಮೇಲೇರಿಸುವ ಲಿಫ್ಟ್ ಇದ್ದ ಮೇಲೆ ಇದು ವಾಸದ ಮನೆಯೇ ಸರಿ ಎಂಬುದು ಎರಡನೆಯ ಆಕ್ಷೇಪ. ವಾಸದ ಮಾತು ನಿಜ. ಆದರೆ ಈ ಸೌಕರ್ಯಗಳೇ ಕೆಲಸದವರ ಓಡಾಟವನ್ನು ಕಣ್ಮರೆಯಾಗಿಸಿ, ಮಧ್ಯಯುಗದ ಭ್ರಮೆ ಕದಡದಂತೆ ನೋಡಿಕೊಂಡವು. ತೆರೆಯ ಹಿಂದಿನ ಯಂತ್ರಗಳು ಮಾಡುವುದೂ ಇದನ್ನೇ.

ಇಂದು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಇಲ್ಲಿಗೆ ಬರುತ್ತಾರೆ. 2025ರಲ್ಲಿ ಲೂಡ್ವಿಗ್‌ನ ಅರಮನೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಬರಿದಾದ ವೇದಿಕೆಯ ಮುಂದೆ ನಿಲ್ಲುವ ಪ್ರವಾಸಿ ದೊರೆಯ ಮನೆಗೆ ನುಗ್ಗಿದವನಲ್ಲ. ದೊರೆ ನಿಂತು ನೋಡಿದ ಜಾಗದಲ್ಲೇ ನಿಂತವನು. ಅವನ ಕಾಲ್ತುಳಿತದಿಂದ ಕಟ್ಟಡವನ್ನು ಕಾಪಾಡಬೇಕು ನಿಜ. ಅವನ ಕಣ್ಣಿನಿಂದ ಅದನ್ನು ಕಾಪಾಡಬೇಕಾಗಿಲ್ಲ.