ಮನೆಗೆ ಬಂದ ತಂತಿ ಯಾರದ್ದು? 2004ರ ಒಂದು ತೀರ್ಮಾನದ ಕಥೆ

2020ರ ಲಾಕ್‌ಡೌನ್ ನೆನಪಿದೆಯಲ್ವಾ? ಶಾಲೆ ಮುಚ್ಚಿತು, ಪಾಠ ಫೋನಿಗೆ ಬಂತು. ಮಲೆನಾಡಿನ, ಕರಾವಳಿಯ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ರು, ಮಳೆಯಲ್ಲಿ ಕೊಡೆ ಹಿಡಿದು ಕ್ಲಾಸ್ ಕೇಳಿದ್ರು. ಅದೇ ಕಡೆಗಳಲ್ಲಿ ಎಷ್ಟೋ ಮನೆಗಳಿಗೆ ಹಿಂದೆ ಲ್ಯಾಂಡ್‌ಲೈನ್ ತಂತಿ ಇತ್ತು. ಆ ತಂತಿ ಏನಾಯ್ತು? ಇವತ್ತಿನ ಕಂತು ಅದರ ಬಗ್ಗೆ.

ಮೊದಲು ಒಂದು ಸಣ್ಣ ವಿಷಯ. ಫೋನಿನ ತಾಮ್ರದ ತಂತಿಯಲ್ಲಿ ನಮ್ಮ ಮಾತು ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಹೋಗುತ್ತೆ. ಮೇಲಿನ ಭಾಗ ಖಾಲಿ ಇರುತ್ತೆ. ಆ ಖಾಲಿ ಜಾಗದಲ್ಲಿ ಇಂಟರ್‌ನೆಟ್ ಕಳಿಸೋದೇ ಡಿಎಸ್‌ಎಲ್. ಹೊಸದಾಗಿ ರಸ್ತೆ ಅಗೆಯೋದು ಬೇಡ, ಎಕ್ಸ್‌ಚೇಂಜ್‌ನಲ್ಲಿ ಒಂದು ಯಂತ್ರ, ಮನೆಯಲ್ಲಿ ಒಂದು ಮೋಡೆಮ್ ಇದ್ದರೆ ಸಾಕು.

2004ರಲ್ಲಿ ಇಂಥ ಸುಮಾರು 4 ಕೋಟಿ ತಂತಿಗಳು ಎರಡು ಸರ್ಕಾರಿ ಕಂಪನಿಗಳ ಕೈಯಲ್ಲಿದ್ದವು. ದೆಹಲಿ, ಮುಂಬೈನಲ್ಲಿ ಎಂಟಿಎನ್‌ಎಲ್, ಉಳಿದ ಕಡೆ ಬಿಎಸ್‌ಎನ್‌ಎಲ್. ಎಲ್ಲಾ ತಂತಿಯೂ ಇಂಟರ್‌ನೆಟ್‌ಗೆ ಆಗುವಷ್ಟು ಚೆನ್ನಾಗಿರಲಿಲ್ಲ, ನಿಜ. ಆದರೂ ಅದು ದೊಡ್ಡ ಆಸ್ತಿ.

ಆ ವರ್ಷದ ಏಪ್ರಿಲ್‌ನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಸರ್ಕಾರಕ್ಕೆ ಒಂದು ಶಿಫಾರಸು ಕೊಟ್ಟಿತು: ಈ ತಂತಿಗಳನ್ನು ಬೇರೆ ಕಂಪನಿಗಳಿಗೂ ಬಾಡಿಗೆಗೆ ಬಿಡಿ. ತಂತಿ ಬಿಎಸ್‌ಎನ್‌ಎಲ್‌ನದ್ದೇ, ಅದರ ಮೇಲಿನ ಇಂಟರ್‌ನೆಟ್ ಯಾರದ್ದು ಅಂತ ಗ್ರಾಹಕ ಆರಿಸಿಕೊಳ್ಳಲಿ. ಪೈಪೋಟಿ ಬಂದ್ರೆ ಬೆಲೆ ಇಳಿಯುತ್ತೆ, ವೇಗ ಏರುತ್ತೆ ಅನ್ನೋ ಲೆಕ್ಕ. ಫ್ರಾನ್ಸ್‌ನಲ್ಲಿ ಇದು ಆಗಲೇ ನಡೀತಿತ್ತು. ಫ್ರಾನ್ಸ್ ಟೆಲಿಕಾಂನ ತಂತಿಯ ಮೇಲೆ ಫ್ರೀ ಅನ್ನೋ ಹೊಸ ಕಂಪನಿ 2002ರಿಂದ ತಿಂಗಳಿಗೆ 29.99 ಯೂರೋಗೆ ಬ್ರಾಡ್‌ಬ್ಯಾಂಡ್ ಕೊಡ್ತಿತ್ತು.

ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಹಣ ಹಾಕಿ, ಕಂಬ ನೆಟ್ಟು, ಹಳ್ಳಿಹಳ್ಳಿಗೆ ತಂತಿ ಎಳೆದವರು ನಾವು. ಲಾಭ ಬರುವ ಬಡಾವಣೆಗಳನ್ನಷ್ಟೇ ಬೇರೆಯವರು ಆರಿಸಿಕೊಂಡ್ರೆ ನಷ್ಟದ ಹಳ್ಳಿಗಳನ್ನು ಯಾರು ನೋಡ್ಕೋತಾರೆ? ಎಳೆದ ತಂತಿಯನ್ನು ಹಂಚಲೇಬೇಕು ಅಂದ್ರೆ ನಾಳೆ ಹೊಸ ತಂತಿ ಎಳೆಯೋರು ಯಾರು? ಸುಳ್ಳು ವಾದವೇನಲ್ಲ.

2004ರ ಅಕ್ಟೋಬರ್‌ನಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಬಂತು. ತಂತಿ ಹಂಚಿಕೆ ಕಡ್ಡಾಯ ಆಗಲಿಲ್ಲ. ಕಂಪನಿಗಳು ಬೇಕಾದ್ರೆ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳಲಿ ಅಂತ ಬಿಟ್ಟರು. ನೀತಿಯ ಪ್ರಕಾರ ಬ್ರಾಡ್‌ಬ್ಯಾಂಡ್ ಅಂದ್ರೆ ಕನಿಷ್ಠ 256 ಕೆಬಿಪಿಎಸ್. ಆ ವೇಗದಲ್ಲಿ 10 ಎಂಬಿಯ ಒಂದು ಪಾಡ್‌ಕಾಸ್ಟ್ ಇಳಿಸೋಕೆ ಐದು ನಿಮಿಷಕ್ಕೂ ಹೆಚ್ಚು ಬೇಕು! 2010ಕ್ಕೆ ಗುರಿ 2 ಕೋಟಿ ಗ್ರಾಹಕರು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರುಮಾಡಿತು, ಬೆಂಗಳೂರಲ್ಲೂ ಬಂತು. ಎಷ್ಟೋ ಮನೆಗಳ ಮೊದಲ ವೇಗದ ಇಂಟರ್‌ನೆಟ್ ಅದೇ. ಆದರೆ 2010ರ ಕೊನೆಗೆ ದೇಶದಲ್ಲಿದ್ದ ಬ್ರಾಡ್‌ಬ್ಯಾಂಡ್ ಗ್ರಾಹಕರು ಸುಮಾರು 1.1 ಕೋಟಿ. ಅಂದ್ರೆ ಗುರಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಅಷ್ಟರಲ್ಲಿ ದೊಡ್ಡ ದುಡ್ಡು ತಂತಿ ಬಿಟ್ಟು ಗಾಳಿ ಹಿಡಿದಿತ್ತು. 2010ರಲ್ಲಿ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ತರಂಗಾಂತರದ ಹರಾಜು ನಡೆಯಿತು. ಇನ್ಫೋಟೆಲ್ ಅನ್ನೋ ಕಂಪನಿ ಸುಮಾರು 12,848 ಕೋಟಿ ರೂಪಾಯಿಗೆ ಇಡೀ ದೇಶದ ತರಂಗಾಂತರ ಗೆದ್ದಿತು. ಆ ಕಂಪನಿಯನ್ನು ರಿಲಯನ್ಸ್ ಕೊಂಡುಕೊಂಡಿತು. ಅದೇ ಮುಂದೆ ಜಿಯೋ ಆಗಿ, 2016ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆಯಿತು. ಡೇಟಾ ಅಗ್ಗವಾಯ್ತು. ಇವತ್ತು ದೇಶದ ಬ್ರಾಡ್‌ಬ್ಯಾಂಡ್ ಗ್ರಾಹಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೊಬೈಲ್‌ನವರು.

ತಂತಿ? 2020ರ ಹೊತ್ತಿಗೆ ಎಲ್ಲಾ ಕಂಪನಿಗಳದ್ದೂ ಸೇರಿ ಉಳಿದ ಲ್ಯಾಂಡ್‌ಲೈನ್ ಸುಮಾರು 2 ಕೋಟಿ.

ಹಳ್ಳಿಗೆ ಮತ್ತೆ ತಂತಿ ಎಳೆಯೋ ಕೆಲಸಕ್ಕೆ ಸರ್ಕಾರ 2011ರ ಅಕ್ಟೋಬರ್‌ನಲ್ಲಿ ಕೈಹಾಕಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್. ಅದೇ ಈಗಿನ ಭಾರತ್‌ನೆಟ್. ಹಣ ಬಂದದ್ದು ಟೆಲಿಕಾಂ ಕಂಪನಿಗಳ ಆದಾಯದಿಂದ ಕಟ್ಟಿಸಿಕೊಂಡ ನಿಧಿಯಿಂದ. ಮೊದಲ 1 ಲಕ್ಷ ಪಂಚಾಯಿತಿ ಮುಟ್ಟೋ ಹೊತ್ತಿಗೆ 2017 ಮುಗೀತಾ ಬಂದಿತ್ತು. ಪಂಚಾಯಿತಿ ಕಚೇರಿಗೆ ಫೈಬರ್ ಬಂದ ಮಾತ್ರಕ್ಕೆ ಗುಡ್ಡದಾಚೆಯ ಮನೆಗೆ ಬಂದಂಗೆ ಅಲ್ಲ.

ಹಾಗಾದ್ರೆ 2004ರಲ್ಲಿ ಟ್ರಾಯ್ ಮಾತು ಕೇಳಿದ್ದರೆ ಆ ಮಕ್ಕಳು ಗುಡ್ಡ ಹತ್ತಬೇಕಾಗ್ತಿರಲಿಲ್ವಾ? ಹಾಗಂತ ಆಣೆ ಮಾಡೋಕಾಗಲ್ಲ. ಬಾಡಿಗೆ ತಂತಿ ಹಿಡಿದ ಖಾಸಗಿ ಕಂಪನಿ ಮೊದಲು ಜಯನಗರಕ್ಕೆ ಹೋಗ್ತಿತ್ತು, ಜೋಯಿಡಾಕ್ಕೆ ಅಲ್ಲ. ಆದರೆ ಒಂದು ಮಾತು ಹೇಳಬಹುದು. ತಂತಿಯನ್ನು ಹಂಚದೇ ಇರೋಕೆ ಕೊಟ್ಟ ಕಾರಣ, ಹಂಚಿದ್ರೆ ಹೂಡಿಕೆ ನಿಲ್ಲುತ್ತೆ, ಹಳ್ಳಿ ಬಡವಾಗುತ್ತೆ ಅನ್ನೋದು. ಹಂಚಲಿಲ್ಲ. ಹೂಡಿಕೆಯೂ ಆ ತಂತಿಗೆ ಸಾಕಷ್ಟು ಬರಲಿಲ್ಲ. ಹಂಚಬೇಡಿ ಅಂತ ರಕ್ಷಣೆ ಕೊಟ್ಟವರು, ಪ್ರತಿಯಾಗಿ ಇಷ್ಟು ವರ್ಷದಲ್ಲಿ ಇಷ್ಟು ಹಳ್ಳಿಗೆ ಒಳ್ಳೇ ತಂತಿ ಕೊಡಿ ಅಂತ ಗಟ್ಟಿಯಾಗಿ ಕೇಳಬೇಕಿತ್ತು.

ಈಗ ಫೈಬರ್ ವಿಷಯದಲ್ಲೂ ಅದೇ ಪ್ರಶ್ನೆ ಇದೆ: ಎಳೆಯೋರು ಯಾರು, ಬಳಸೋರು ಯಾರು, ಕೊನೆಯ ಮನೆಗೆ ಜವಾಬ್ದಾರಿ ಯಾರದ್ದು? ನಿಮ್ಮ ಊರಿನ ಪಂಚಾಯಿತಿಗೆ ಫೈಬರ್ ಬಂದಿದೆಯಾ, ಅಲ್ಲಿಂದ ಮುಂದೆ ಎಲ್ಲಿವರೆಗೆ ಹೋಗಿದೆ? ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಕೇಳಿ ನೋಡಿ. ಮತ್ತೆ ಸಿಗೋಣ.